ಬೀರು ಅಡ್ಡಬಿದ್ದಂತಿರುವ ಬಂಡಿ ತೋಟಕ್ಕೆ ಆಗಿಬರುತ್ತದೆಯೇ?

ಟೆಸ್ಲಾ ಕಂಪನಿಯ ಇಲೆಕ್ಟ್ರಿಕ್ ಪಿಕಪ್ ಸೈಬರ್‌ಟ್ರಕ್ ಭಾರತದಲ್ಲಿ ಮಾರಾಟಕ್ಕೇ ಇಲ್ಲ. ತಯಾರಾಗುತ್ತಿರುವುದು ಎಡಗಡೆ ಸ್ಟೇರಿಂಗ್ ಇರುವ ಬಂಡಿ ಮಾತ್ರ. ಆದರೂ ಫೋನಿನಲ್ಲಿ ಅದರ ವಿಡಿಯೊ ನೋಡಿದ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಅದರ ಬಗ್ಗೆ ಸಾಲುಸಾಲಾಗಿ ಕೇಳಿದ್ದಾರೆ. ಕೆಲವರು ನಕ್ಕಿದ್ದಾರೆ, ಕೆಲವರು ಮರುಳಾಗಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಅಡ್ಡಬಿದ್ದ ಕಬ್ಬಿಣದ ಬೀರುವಿನ ಹಾಗೆ ಕಾಣುತ್ತದೆ. ಅಷ್ಟು ದೊಡ್ಡ ಕಂಪನಿಗೆ ಒಂದು ಉರುಟು ಮೂಲೆ ಮಾಡಲು ಬರಲಿಲ್ಲವೇ?
— ಮೂಡಿಗೆರೆಯ ಓದುಗರು

ಬರಲಿಲ್ಲ ಎನ್ನುವುದಕ್ಕಿಂತ, ಆರಿಸಿಕೊಂಡ ಲೋಹ ಅದಕ್ಕೆ ಬಿಡಲಿಲ್ಲ ಎನ್ನಬೇಕು. ಸಾಮಾನ್ಯ ಕಾರಿನ ಬಾಗಿಲು 0.7–0.8 ಮಿ.ಮೀ. ದಪ್ಪದ ಮೆದು ಉಕ್ಕಿನದು. ಪ್ರೆಸ್ಸಿನಲ್ಲಿಟ್ಟು ಒತ್ತಿದರೆ ಹೇಳಿದ ಹಾಗೆ ಬಾಗುತ್ತದೆ, ಆಮೇಲೆ ಬಣ್ಣ. ಸೈಬರ್‌ಟ್ರಕ್‌ನ ಹೊರಮೈ ಬಣ್ಣವಿಲ್ಲದ, ಬಿಸಿ ಮಾಡದೆ ರೋಲಿಂಗ್ ಮಾಡಿ ಗಡಸಾಗಿಸಿದ ಸ್ಟೇನ್‌ಲೆಸ್ ಸ್ಟೀಲ್. ಬಾಗಿಲಲ್ಲಿ 1.8 ಮಿ.ಮೀ., ಉಳಿದ ಕಡೆ 1.4 ಮಿ.ಮೀ. ಇದನ್ನು ಆಳವಾಗಿ ಒತ್ತಲು ಹೋದರೆ ಹಿಂದಕ್ಕೆ ಚಿಮ್ಮುತ್ತದೆ, ಇಲ್ಲವೇ ಸೀಳುತ್ತದೆ. ನೇರ ಗೆರೆಯಲ್ಲಿ ಮಡಚುವುದೊಂದೇ ಸುಲಭದ ದಾರಿ. ಹಾಗಾಗಿ ಕಾಗದ ಮಡಚಿದಂಥ ಆಕಾರ.

ಜನ ನಕ್ಕದ್ದು ಆಕಾರಕ್ಕಷ್ಟೇ ಅಲ್ಲ. 2019ರ ನವೆಂಬರಿನಲ್ಲಿ ಇದನ್ನು ಮೊದಲು ತೋರಿಸಿದ ದಿನ, ಒಡೆಯದ ಗಾಜು ಎಂದು ಹೇಳಿ ವೇದಿಕೆಯ ಮೇಲೆ ಉಕ್ಕಿನ ಗುಂಡು ಎಸೆದರು. ಗಾಜು ಬಿರುಕುಬಿಟ್ಟಿತು. ಇನ್ನೊಂದು ಕಿಟಕಿಗೆ ಎಸೆದರು, ಅದೂ ಬಿರಿಯಿತು. ಆ ದಿನ ಹೇಳಿದ ಆರಂಭದ ಬೆಲೆ 39,900 ಡಾಲರ್. 2023ರ ನವೆಂಬರ್ 30ರಂದು ಗ್ರಾಹಕರ ಕೈಗೆ ಕೊಡಲು ಶುರುಮಾಡಿದಾಗ ಎರಡು ಮೋಟಾರಿನ ಮಾದರಿಗೆ 79,990 ಡಾಲರ್ ಆಗಿತ್ತು. ‘ಹೊರಕವಚವೇ ಬಂಡಿಯ ಮೂಳೆ’ ಎಂಬ ಮಾತೂ ಉಳಿಯಲಿಲ್ಲ. ಒಳಗೆ ಬೇರೆ ಚೌಕಟ್ಟಿದೆ, ಹೊರಗಿನ ತಗಡು ಅದರ ಮೇಲಿನ ಹೊದಿಕೆ. ಕೆಲವು ಕಡೆ ಆ ಹೊದಿಕೆ ನಿಂತಿರುವುದು ಅಂಟಿನ ಮೇಲೆ. ಮುಂದಿನ ಗಾಜಿನ ಅಂಚಿನಿಂದ ಛಾವಣಿಯ ಉದ್ದಕ್ಕೆ ಹೋಗುವ ಪಟ್ಟಿ ಓಡುವಾಗಲೇ ಕಳಚಬಹುದೆಂದು 2025ರ ಮಾರ್ಚಿನಲ್ಲಿ 46,096 ಬಂಡಿಗಳನ್ನು ವಾಪಸ್ ಕರೆಸಿದರು. ಅಲ್ಲಿಯವರೆಗೆ ತಯಾರಾದದ್ದು ಹೆಚ್ಚುಕಡಿಮೆ ಅಷ್ಟೇ. ಹತ್ತು ಲಕ್ಷಕ್ಕೂ ಹೆಚ್ಚು ಬುಕ್ಕಿಂಗ್ ಎಂದು ಹೇಳಿಕೊಂಡಿದ್ದ ಗಾಡಿಗೆ ಇದು ಸಣ್ಣ ಸಂಖ್ಯೆ.

ಮೆಚ್ಚಿದವರೂ ಸುಮ್ಮನೆ ಮೆಚ್ಚಿಲ್ಲ. ಅಮೆರಿಕದ ಸರ್ಕಾರಿ ಡಿಕ್ಕಿ ಪರೀಕ್ಷೆಯಲ್ಲಿ ಒಟ್ಟಾರೆ 5 ಸ್ಟಾರ್ ಬಂದಿದೆ. ಸ್ಟೇರಿಂಗ್ ತಿರುಗಿಸಿದರೆ ಹಿಂದಿನ ಚಕ್ರಗಳೂ ಹೊರಳುತ್ತವೆ. ಗೀರು ಬಿದ್ದರೆ ಸುಲಿಯಲು ಬಣ್ಣವೇ ಇಲ್ಲ.

ನಮ್ಮದು ಸಕಲೇಶಪುರದ ಹಾನುಬಾಳು ಕಡೆ 40 ಎಕರೆ ಕಾಫಿ. ಕಣದಿಂದ ಹಾಸನದ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿ ಬೀಜ) ಸಾಗಿಸಲು ಇಂಥದ್ದು ಇದ್ದಿದ್ದರೆ ಹೇಗಿರುತ್ತಿತ್ತು?

ಇದೇ ಸರಿಯಾದ ಪ್ರಶ್ನೆ. ಪಿಕಪ್ಪಿನ ಯೋಗ್ಯತೆ ತಿಳಿಯುವುದು ಮೂತಿಯಲ್ಲಲ್ಲ, ಹಿಂದಿನ ಬಾಡಿಯಲ್ಲಿ.

ಸೈಬರ್‌ಟ್ರಕ್ ಹೊರುವ ಭಾರ 1,134 ಕೆ.ಜಿ. ಅಮೆರಿಕದ ಲೆಕ್ಕದಲ್ಲಿ ಇದರೊಳಗೆ ಜನರ ತೂಕವೂ ಸೇರುತ್ತದೆ. ಡ್ರೈವರು, ರೈಟರು (ತೋಟದ ಗುಮಾಸ್ತ) ಇಬ್ಬರನ್ನು 150 ಕೆ.ಜಿ. ಎಂದು ಕಳೆದರೆ ಉಳಿದದ್ದು 980 ಕೆ.ಜಿ. ಚಿಲ್ಲರೆ, ಅಂದರೆ 50 ಕೆ.ಜಿ.ಯ 19 ಮೂಟೆ. ಇದು ತೂಕದ ಲೆಕ್ಕ. ಜಾಗದ ಲೆಕ್ಕ ಬೇರೆ. ಬಾಡಿಯ ಉದ್ದ ಸುಮಾರು 1.85 ಮೀಟರ್, ಅಗಲ ಸುಮಾರು 1.3 ಮೀಟರ್. ಮೇಲಿನ ಮುಚ್ಚಳ ಎಳೆದರೆ ಒಳಗೆ ಸಿಗುವುದು ಸುಮಾರು 1.6 ಘನ ಮೀಟರ್. ಒಣಗಿದ ಪಾರ್ಚ್‌ಮೆಂಟ್ ಹಗುರ, 50 ಕೆ.ಜಿ. ಮೂಟೆ 125–130 ಲೀಟರ್ ಜಾಗ ತಿನ್ನುತ್ತದೆ. ಹಾಗಾಗಿ ಮುಚ್ಚಳ ಹಾಕಿ ಒಯ್ಯುವುದಾದರೆ 12 ಮೂಟೆಗೆ ಜಾಗ ಮುಗಿಯಿತು. ಉಳಿದ ಏಳನ್ನು ಮೇಲೆ ಪೇರಿಸಬೇಕು, ಆಗ ಟಾರ್ಪಾಲು, ಹಗ್ಗ. ಮುಚ್ಚಳ ಇದ್ದೂ ಇಲ್ಲದಂತೆ.

ಹೋಲಿಕೆಗೆ ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ದೊಡ್ಡ ಮಾದರಿ ತೆಗೆದುಕೊಳ್ಳಿ. 3,050 ಮಿ.ಮೀ. ಬಾಡಿ, 2 ಟನ್ ಭಾರ. 40 ಮೂಟೆ.

ಇದಕ್ಕಿಂತ ದೊಡ್ಡ ತೊಡಕು ಲೋಡ್ ಮಾಡುವ ರೀತಿಯದು. ನಮ್ಮಲ್ಲಿ ಆಳು ಮೂಟೆ ಹೊತ್ತು ಬಂದು, ಬಾಡಿಯ ಮೂರು ಕಡೆಯ ಬಾಗಿಲಲ್ಲಿ ಯಾವುದು ಹತ್ತಿರವೋ ಅದನ್ನು ಇಳಿಸಿ ಬೆನ್ನ ಮೇಲಿಂದಲೇ ಜಾರಿಸುತ್ತಾನೆ. ಸೈಬರ್‌ಟ್ರಕ್‌ನ ಪಕ್ಕದ ಗೋಡೆ ಬಿಚ್ಚುವುದಿಲ್ಲ. ಅಷ್ಟೇ ಅಲ್ಲ, ಹಿಂದಿನಿಂದ ಮುಂದಕ್ಕೆ ಬಂದಂತೆ ಅದು ಏರುತ್ತಾ ಹೋಗಿ ಕ್ಯಾಬಿನ್ನಿನ ಹತ್ತಿರ ಆಳೆತ್ತರವಾಗುತ್ತದೆ. ಆ ತ್ರಿಕೋನದ ಚಂದಕ್ಕೆ ತೆರುವ ಬೆಲೆ ಇದು. ಪಕ್ಕದಲ್ಲಿ ನಿಂತು ಮುಂದಿನ ಮೂಲೆಯ ಮೂಟೆಗೆ ಕೈ ಹಾಕಲಾಗದು. ಎಲ್ಲವೂ ಹಿಂದಿನ ಬಾಗಿಲಿನಿಂದಲೇ, ಒಬ್ಬ ಕೆಳಗೆ, ಒಬ್ಬ ಮೇಲೆ. ಏರ್ ಸಸ್ಪೆನ್ಷನ್ ಇರುವುದರಿಂದ ಬಾಡಿ ಸ್ವಲ್ಪ ತಗ್ಗುತ್ತದೆ, ಅದೊಂದು ಅನುಕೂಲ.

ಗಾತ್ರ: ಉದ್ದ 5,683 ಮಿ.ಮೀ., ಕನ್ನಡಿ ಬಿಚ್ಚಿದಾಗ ಅಗಲ 2.4 ಮೀಟರ್. ಹತ್ತಡಿಯ ತೋಟದ ರಸ್ತೆಯಲ್ಲಿ ಎರಡೂ ಕಡೆ ಒಂದೊಂದಡಿ ಉಳಿಯುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರು ರಿವರ್ಸ್ ತೆಗೆಯಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ಖಾಲಿ ತೂಕವೇ 3 ಟನ್ ಹತ್ತಿರ. ಜುಲೈ ತಿಂಗಳಲ್ಲಿ ನೆನೆದ ಮೋರಿಯ ಮೇಲೆ ಲೋಡ್ ಸಹಿತ 4 ಟನ್ ನಿಲ್ಲಿಸುವ ಮೊದಲು ಮೋರಿಯ ಕಲ್ಲು ನೋಡಿಕೊಳ್ಳಬೇಕು.

ಕಲ್ಲಿಗೆ ಬಡಿದಾಗಿನ ಮಾತೂ ಇದೆ. ಬೊಲೆರೊದಂಥ ಬಂಡಿಯ ಉಕ್ಕಿನ ಚಾಸಿ ಬಾಗಿದರೆ ಜಿಲ್ಲೆಯೊಳಗೇ ಬೆಂಚ್ ಮೇಲೆ ಎಳೆಸಿ ನೇರ ಮಾಡಿಸಬಹುದು. ಸೈಬರ್‌ಟ್ರಕ್‌ನ ಮುಂದಿನ, ಹಿಂದಿನ ಚೌಕಟ್ಟು ಅಲ್ಯುಮಿನಿಯಂ ಎರಕ. ಎರಕ ಬಾಗುವುದಿಲ್ಲ, ಬಿರಿಯುತ್ತದೆ. ಬಿರಿದ ಮೇಲೆ ಊರಿನ ವೆಲ್ಡಿಂಗ್ ಅದಕ್ಕೆ ನಾಟುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಅಂದಮೇಲೆ ತುಕ್ಕು ಹಿಡಿಯಬಾರದಲ್ಲವೇ? ಕಿತ್ತಳೆ ಬಣ್ಣದ ಚುಕ್ಕೆಗಳ ಫೋಟೊ ನೋಡಿದೆ.
— ಬಾಳೆಹೊನ್ನೂರು

2024ರ ಆರಂಭದಲ್ಲಿ ಹಲವು ಮಾಲೀಕರು ಈ ಚುಕ್ಕೆಗಳ ಫೋಟೊ ಹಾಕಿದ್ದರು. ಬಹುಪಾಲು ಅದು ತಗಡಿನದೇ ತುಕ್ಕಲ್ಲ. ರಸ್ತೆ, ರೈಲ್ವೆ ಹಳಿ, ಗ್ರೈಂಡರಿನಿಂದ ಹಾರಿದ ಕಬ್ಬಿಣದ ಪುಡಿ ಮೇಲೆ ಕೂತು ತುಕ್ಕಾಗುತ್ತದೆ. ಬೇಗ ತೊಳೆದರೆ ಹೋಗುತ್ತದೆ. ಬಿಟ್ಟರೆ ಅದರಡಿಯಲ್ಲಿ ನಿಜವಾದ ಗುಂಡಿ ಬೀಳಲು ಶುರು. ಹಕ್ಕಿ ಹಿಕ್ಕೆ, ಮರದ ಅಂಟು, ಸತ್ತ ಹುಳ, ಡಾಂಬರನ್ನು ತಕ್ಷಣ ತೆಗೆಯಿರಿ ಎಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಸಿಲ್ವರ್ ಓಕ್ ಅಡಿಯಲ್ಲಿ ನಿಲ್ಲಿಸುವವರಿಗೆ ಈ ಪಟ್ಟಿಯಲ್ಲಿ ಯಾವುದೂ ಕಡಿಮೆಯಿಲ್ಲ.

ತೋಟದಲ್ಲಿ ಇನ್ನೊಂದು ಶತ್ರು ಇದೆ: ಪೊಟ್ಯಾಷ್. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದರ ತೂಕದಲ್ಲಿ ಶೇ. 47ರಷ್ಟು ಕ್ಲೋರೈಡೇ. ಸ್ಟೇನ್‌ಲೆಸ್‌ನ ಮೇಲಿರುವ ಕಾಣದ ಕ್ರೋಮಿಯಂ ಪೊರೆಯನ್ನು ಕೊರೆಯುವುದು ಈ ಕ್ಲೋರೈಡ್. ಒಣಗಿದ್ದಾಗ ಏನೂ ಆಗದು. ಮಂಜು ಬಿದ್ದು ಪುಡಿ ತೇವವಾಗಿ ಸಂದಿಯಲ್ಲಿ ಕೂತರೆ ಕೆಲಸ ಶುರು. ಬಾಡಿಯ ಒಳಗೋಡೆ ಲೋಹದ್ದಲ್ಲ, ಕಾಂಪೊಸಿಟ್ ಪ್ಲಾಸ್ಟಿಕ್ ಆದ್ದರಿಂದ ಮೂಟೆ ಇಡುವ ಜಾಗಕ್ಕೆ ತೊಂದರೆಯಿಲ್ಲ, ತೊಂದರೆ ಇರುವುದು ಹೊರಗಿನ ಅಂಚು, ಸಂದಿಗಳಲ್ಲಿ.

ನಿಮ್ಮ ಮನೆಯಲ್ಲಿ ಈ ಬಂಡಿ ಇಲ್ಲದಿದ್ದರೂ ಸ್ಟೇನ್‌ಲೆಸ್ ನೀರಿನ ಟ್ಯಾಂಕು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ತಗಡು ಇರಬಹುದು. ತೊಳೆಯುವ ಕ್ರಮ ಒಂದೇ. ಮೊದಲು ಧಾರಾಳ ನೀರು, ಒಣ ಬಟ್ಟೆಯಿಂದ ಉಜ್ಜಬೇಡಿ. ಆಮೇಲೆ ಪಾತ್ರೆ ಸೋಪು, ಮೆತ್ತನೆ ಬಟ್ಟೆ, ತಗಡಿನ ಗೆರೆ ಹೋದ ದಿಕ್ಕಿನಲ್ಲೇ. ಕಿತ್ತಳೆ ಚುಕ್ಕೆ ಉಳಿದರೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಬಟ್ಟೆ ಅದ್ದಿ 20–30 ನಿಮಿಷ ಹೊದಿಸಿಟ್ಟು ಚೆನ್ನಾಗಿ ತೊಳೆದು ಒರೆಸಿ. ಕಬ್ಬಿಣದ ನಾರು ಮುಟ್ಟಿಸಲೇಬಾರದು, ಅದರ ಚೂರು ಒಳಗೆ ಸಿಕ್ಕಿಕೊಂಡು ನಾಳಿನ ಚುಕ್ಕೆಯಾಗುತ್ತದೆ. ಬಾತ್‌ರೂಮಿನ ಆಸಿಡ್, ಬ್ಲೀಚಿಂಗ್ ಪುಡಿ ಎರಡರಲ್ಲೂ ಕ್ಲೋರಿನ್ ಇದೆ, ದೂರವಿಡಿ.

ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ತಾನೇ ಚಾರ್ಜ್ ಆಗುತ್ತದಂತೆ, ನಿಜವೇ? ತೋಟದ ಮನೆಯ ಕರೆಂಟಿನಲ್ಲಿ ಇಷ್ಟು ದೊಡ್ಡ ಬ್ಯಾಟರಿ ತುಂಬುವುದುಂಟೇ?

ನಿಜ, ಆದರೆ ಕೇಳಿದಷ್ಟಲ್ಲ. ಲೋಡ್ ಸೇರಿ 3.5 ಟನ್ ಬಂಡಿ 750 ಮೀಟರ್ ಎತ್ತರ ಇಳಿಯಿತೆಂದು ಹಿಡಿಯಿರಿ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು 7 ಯೂನಿಟ್. ಗಾಳಿ, ಟೈರು, ಮೋಟಾರಿನ ನಷ್ಟ ಕಳೆದು 4–5 ಯೂನಿಟ್ ಬ್ಯಾಟರಿಗೆ ಮರಳಬಹುದು. ಈ ಬಂಡಿಯ ಬ್ಯಾಟರಿ 123 ಯೂನಿಟ್‌ನದು, ಪೂರ್ತಿ ಚಾರ್ಜಿಗೆ 500 ಕಿ.ಮೀ. ಚಿಲ್ಲರೆ ಎಂಬ ಲೆಕ್ಕ. ಅಂದರೆ ಸಿಕ್ಕಿದ್ದು 20 ಕಿ.ಮೀ. ಓಟ. ಹತ್ತುವಾಗ ಅದರ ಎರಡರಷ್ಟು ಕೊಡಬೇಕು. ನಿಜವಾದ ಲಾಭ ಬ್ರೇಕಿನದು: ಲೈನಿಂಗ್ ಕಾಯುವುದಿಲ್ಲ, ವಾಸನೆ ಬರುವುದಿಲ್ಲ. ಒಂದು ಎಚ್ಚರ, ಇದು ಯಾವ ಇಲೆಕ್ಟ್ರಿಕ್ ಬಂಡಿಗೂ ಅನ್ವಯ. ಮನೆ ಘಾಟಿಯ ಮೇಲಿದ್ದರೆ ರಾತ್ರಿ 100ಕ್ಕೆ ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ಹಿಡಿಸದು, ಮೋಟಾರಿನ ತಡೆ ಕಡಿಮೆಯಾಗಿ ಭಾರವೆಲ್ಲ ಕಾಲಿನ ಬ್ರೇಕಿಗೆ ಬೀಳುತ್ತದೆ. 80–85ಕ್ಕೆ ನಿಲ್ಲಿಸಿ.

ಮನೆಯ ಚಾರ್ಜಿನ ಮಾತು. 16 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ 3 ಯೂನಿಟ್ ಸಿಗುತ್ತದೆ. 10ರಿಂದ 80ಕ್ಕೆ ಹೋಗಲು 28–29 ಗಂಟೆ. ಕೇಳಿದರೆ ಗಾಬರಿ. ಆದರೆ ದಿನಕ್ಕೆ 50 ಕಿ.ಮೀ. ಓಡಾಡುವವರಿಗೆ ಬೇಕಾಗುವುದು 12 ಯೂನಿಟ್, ನಾಲ್ಕು ಗಂಟೆಯ ಕೆಲಸ. 32 ಆಂಪಿಯರಿನ ಗೋಡೆ ಚಾರ್ಜರ್ ಹಾಕಿಸುವುದಾದರೆ ಪ್ರತ್ಯೇಕ ಲೈನು, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಬಿಒ, ಸ್ವಂತ ಅರ್ಥಿಂಗ್ ಬೇಕೇಬೇಕು. ಮೀಟರಿನಿಂದ ಶೆಡ್ಡಿಗೆ 100 ಮೀಟರ್ ಇದ್ದರೆ 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 20 ವೋಲ್ಟ್ ಅಲ್ಲೇ ಕರಗುತ್ತದೆ. 10 ಚದರ ಮಿ.ಮೀ. ಎಳೆಸಿದರೆ 12ಕ್ಕೆ ಇಳಿಯುತ್ತದೆ. ಮೊದಲೇ 190 ವೋಲ್ಟ್ ಬರುವ ತೋಟಗಳಲ್ಲಿ ಈ ವ್ಯತ್ಯಾಸಕ್ಕೇ ಚಾರ್ಜರ್ ಬಂದ್ ಆಗುತ್ತದೆ. ಮಂಜೂರಾದ ಲೋಡ್ ಹೆಚ್ಚಿಸಲು ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಹಾಕಬೇಕು. ಏಪ್ರಿಲ್‌ನ ಗುಡುಗಿಗೆ ಸರ್ಜ್ ಅರೆಸ್ಟರ್ ಹಾಕಿಸದೆ ಇಂಥ ಯಾವ ಚಾರ್ಜರನ್ನೂ ಗೋಡೆಗೆ ಬಡಿಸಬೇಡಿ.

ಅದರ ಬಾಡಿಯಲ್ಲಿ ಕರೆಂಟ್ ಪ್ಲಗ್ ಇದೆಯಂತೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಬಹುದೇ?

ಆಗದು. ಈ ಬಂಡಿಯಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಪ್ಲಗ್ಗೇ. 120 ವೋಲ್ಟಿನ ಎರಡು, 240 ವೋಲ್ಟಿನ ಒಂದು. ಡ್ರಿಲ್, ಗ್ರೈಂಡರ್, ದೀಪ, ಇಲೆಕ್ಟ್ರಿಕ್ ಗರಗಸಕ್ಕೆ ಬೇಕಾದಷ್ಟು. ಆದರೆ ಅದು ಸಿಂಗಲ್ ಫೇಸ್, ಮೇಲಾಗಿ ಅಮೆರಿಕದ 60 ಹರ್ಟ್ಜ್. ಸ್ಪ್ರಿಂಕ್ಲರ್ ಪಂಪು ಒಂದೋ ತ್ರೀ ಫೇಸ್, ಇಲ್ಲವೇ ಡೀಸೆಲ್. ನಮ್ಮ 50 ಹರ್ಟ್ಜ್ ಸಣ್ಣ ಪಂಪನ್ನು ಅದಕ್ಕೆ ಸಿಕ್ಕಿಸಿದರೂ ಮೋಟಾರ್ ಶೇ. 20ರಷ್ಟು ಜೋರಾಗಿ ತಿರುಗುತ್ತದೆ. ನೀರೆತ್ತುವ ಫ್ಯಾನಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ 1 ಎಚ್‌ಪಿ ಮೋಟಾರಿನ ಮೇಲೆ 1.7 ಎಚ್‌ಪಿ ಭಾರ ಬೀಳುತ್ತದೆ. ವೈಂಡಿಂಗ್ ಸುಟ್ಟಿತೆಂದೇ ಲೆಕ್ಕ.

ಆನೆ ಎದುರಾದರೆ ಈ ಉಕ್ಕಿನ ಬಂಡಿ ತಡೆಯುತ್ತದೆಯೇ?
— ಆಲೂರು ತಾಲ್ಲೂಕು

ಬೆಳೆದ ಗಂಡಾನೆ 4 ಟನ್, ಬಂಡಿ 3 ಟನ್. ತಗಡು ಎಷ್ಟು ದಪ್ಪ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ ಹಿಂದಕ್ಕೆ ತೆಗೆಯಿರಿ.

ನಾನು ಹಾಸನದ ಬಿ.ಎಂ. ರಸ್ತೆ ಕಡೆ ಫ್ಯಾಬ್ರಿಕೇಷನ್ ಮಾಡುತ್ತೇನೆ. ಗಿರಾಕಿಯೊಬ್ಬರು ಹಳೆಯ ಪಿಕಪ್ಪಿಗೆ ಸ್ಟೇನ್‌ಲೆಸ್ ಹೊದಿಸಿ ಸೈಬರ್‌ಟ್ರಕ್ ಥರ ಮಾಡಿಕೊಡಿ ಅನ್ನುತ್ತಿದ್ದಾರೆ. ಒಪ್ಪಲೇ?

ರಸ್ತೆಗೆ ಇಳಿಯುವ ಬಂಡಿಯಾದರೆ ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟು ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಬಂಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇದನ್ನೇ.

ಗಿರಾಕಿಗೆ ಪ್ರದರ್ಶನಕ್ಕಷ್ಟೇ ಬೇಕಿದ್ದರೆ ತೂಕದಿಂದ ಶುರುಮಾಡಿ. 1.8 ಮಿ.ಮೀ. ತಗಡು ಚದರ ಮೀಟರಿಗೆ 14 ಕೆ.ಜಿ., 8 ಚದರ ಮೀಟರಿಗೆ 113 ಕೆ.ಜಿ. ಆ ಬಿಗಿತ ನಿಮಗೆ ಬೇಕಿಲ್ಲ, 1 ಮಿ.ಮೀ. ಸಾಕು. ಗೇಟಿಗೆ ಬಳಸುವ 202 ದರ್ಜೆ ಬೇಡ, 304 ತೆಗೆದುಕೊಳ್ಳಿ. ಅಯಸ್ಕಾಂತ ಹಿಡಿದು ಈ ಎರಡನ್ನೂ ಬೇರೆ ಮಾಡಲಾಗದು, ಎರಡಕ್ಕೂ ಅಂಟುವುದಿಲ್ಲ. 202ರಲ್ಲಿ ಮ್ಯಾಂಗನೀಸ್ ಹೆಚ್ಚು, ಹಾಗಾಗಿ ಮ್ಯಾಂಗನೀಸ್ ಪರೀಕ್ಷೆಯ ದ್ರಾವಣದ ಒಂದು ಹನಿ ಬಿಟ್ಟು ನೋಡಬೇಕು. ಅಗಲ ತಗಡಿಗೆ ಉದ್ದಕ್ಕೂ ವೆಲ್ಡಿಂಗ್ ಎಳೆದರೆ ಬಿಸಿಗೆ ಅಲೆ ಏಳುತ್ತದೆ, ಬೆಳಕಿನಲ್ಲಿ ಅದೇ ಎದ್ದು ಕಾಣುತ್ತದೆ. ಬ್ರೇಕ್ ಪ್ರೆಸ್ಸಿನಲ್ಲಿ ಮಡಚಿಸಿ, ಜೋಡಣೆಗೆ ಬೋಲ್ಟ್ ಹಾಕಿ. ಹೊರ ಅಂಚನ್ನು ಒಳಕ್ಕೆ 10 ಮಿ.ಮೀ. ಮಡಚಿ, ಇಲ್ಲದಿದ್ದರೆ ಮಕ್ಕಳ ಕೈ ಕುಯ್ಯುತ್ತದೆ. ಸ್ಟೇನ್‌ಲೆಸ್ ಮತ್ತು ಚಾಸಿಯ ಉಕ್ಕು ನೇರ ತಾಗಿ ಮಳೆ ನೀರು ನಿಂತರೆ ತುಕ್ಕು ಹಿಡಿದು ಸವೆಯುವುದು ಚಾಸಿ, ತಗಡಲ್ಲ. ನಡುವೆ 3 ಮಿ.ಮೀ. ರಬ್ಬರ್ ಶೀಟು, ಬೋಲ್ಟಿಗೆ ನೈಲಾನ್ ಬುಷ್ ಹಾಕಿ.