ಆಟಿಸಂ ಇರುವ ಮಗನಿಗೆ ಹೊಲ, ಕುರಿ, ದನಗಳ ಒಡನಾಟದಿಂದ ಉಪಯೋಗ ಆಗುತ್ತದಾ?

ಅಕ್ಕ, ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯೇ ಕಣ್ಣಿಗೆ ಬಂತು. ನಿಮ್ಮದು ಸಿಂಧನೂರು ಹತ್ತಿರ ಮೂರು ಎಕರೆ ಹೊಲ, 14 ವರ್ಷದ ಮಗ, ಆಟಿಸಂ ಇದೆ, ಮಾತು ಕಡಿಮೆ, ಶಾಲೆ ನಿಂತಿದೆ. ಹೊಲದಲ್ಲಿ, ದನಕರುಗಳ ನಡುವೆ ಬೆಳೆಸಿದರೆ ಸುಧಾರಿಸುತ್ತಾನಾ, ಇಲ್ಲಾ ಊರಿನವರು "ಇಂಥ ಹುಡುಗನನ್ನೂ ದುಡಿಯಲು ಹಚ್ಚಿದರು" ಅಂತಾರಾ ಎಂದು ಕೇಳಿದ್ದೀರಿ. ನನ್ನ ತಮ್ಮನಿಗೂ ಆಟಿಸಂ ಇದೆ, ಈಗ 27 ವರ್ಷ. ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲೂಕಿನ ಹಳ್ಳಿ. ಒಂಬತ್ತು ವರ್ಷದಿಂದ ಮನೆಯ ಕುರಿಗಳು ಅವನ ಕೈಯಲ್ಲಿವೆ.

ಉಪಯೋಗ ಆಗುತ್ತದೆ. ಆದರೆ ಆಟಿಸಂ ವಾಸಿಯಾಗುವುದಿಲ್ಲ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಕುದುರೆ ಥೆರಪಿ ಮಾಡಿಸಿದರೆ ಆರು ತಿಂಗಳಲ್ಲಿ ಮಾತು ಬರುತ್ತದೆ ಅಂತ ನಂಬಿಸಿ ನಮ್ಮಿಂದ ಒಬ್ಬರು ದುಡ್ಡು ಕಟ್ಟಿಸಿಕೊಂಡಿದ್ದರು. ಅದಕ್ಕೆ ಅಪ್ಪ ಒಂದು ಜೋಡಿ ಎತ್ತು ಮಾರಿದರು. ಮಾತು ಬರಲಿಲ್ಲ. ಕುದುರೆ ಸವಾರಿಯಿಂದ ಕೆಲವು ಮಕ್ಕಳ ಸಿಟ್ಟು, ಚಡಪಡಿಕೆ ಕಡಿಮೆ ಆಗುವುದುಂಟು. ವಾಸಿ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ನಮ್ಮಲ್ಲಿ ಶುರುವಾಗಿದ್ದು ಹೀಗೆ. ಅವ್ವ ನಾಲ್ಕು ಕೆಂಗುರಿ ತಂದಿದ್ದಳು, ನಮ್ಮ ಕಡೆಯ ಕಂದು ಬಣ್ಣದ ತಳಿ. ತಮ್ಮ ಕುರಿ ಕಟ್ಟುವ ದಡ್ಡಿಯ ಒಳಗೆ ಹೋಗಲೇ ಇಲ್ಲ. ದಿನಾ ಬೆಳಿಗ್ಗೆ ಬಾಗಿಲ ಗೂಟ ಹಿಡಿದು ನಿಲ್ಲುತ್ತಿದ್ದ, ಸ್ವಲ್ಪ ಹೊತ್ತು ಹಿಂದೆ ಮುಂದೆ ತೂಗುತ್ತಿದ್ದ, ವಾಪಸ್ ಬರುತ್ತಿದ್ದ. ಅಪ್ಪ ಒಮ್ಮೆ ಕೈ ಹಿಡಿದು ಎಳೆದರು, ಚೀರಿದ. ಅವ್ವ ಬಿಡಿಸಿದಳು. "ಕುರಿ ಪಾಡಿಗೆ ಕುರಿ ಇರಲಿ, ಇವನ ಪಾಡಿಗೆ ಇವನಿರಲಿ" ಅಂದಳು. ಎರಡು ವಾರ ಕಳೆದ ಮೇಲೆ ಒಂದು ಮರಿ ತಾನಾಗಿ ಬಂದು ಅವನ ಅಂಗಿಯ ಚುಂಗು ಚೀಪತೊಡಗಿತು. ಅವನು ಬಿಡಿಸಿಕೊಳ್ಳಲಿಲ್ಲ. ತೂಗುವುದನ್ನೂ ನಿಲ್ಲಿಸಿದ. ನಾನು ಬಾಂಡೆ ತಿಕ್ಕುವುದು ಬಿಟ್ಟು ನೋಡುತ್ತಾ ಕೂತೆ. ಅಂಗಿ ಪೂರ್ತಿ ಒದ್ದೆಯಾಗುವವರೆಗೂ ನಿಂತಿದ್ದ.

ಮನುಷ್ಯರ ಜೊತೆ ಇರಬೇಕಂದರೆ ಮುಖ, ಕಣ್ಣು, ದನಿ, ಆಡದೇ ಉಳಿದ ಮಾತು ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಕುರಿ ಹಾಗಲ್ಲ. ಹಸಿದರೆ ಕೂಗುತ್ತದೆ, ಹೊಟ್ಟೆ ತುಂಬಿದರೆ ಮಲಗಿ ಮೆಲುಕು ಹಾಕುತ್ತದೆ. ಆಸ್ಟ್ರೇಲಿಯಾದ ಶಾಲೆಗಳಲ್ಲಿ 5ರಿಂದ 13 ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ ಮಕ್ಕಳು ಆಟಿಕೆ ಇದ್ದಾಗಿನದಕ್ಕಿಂತ ಗಿನಿಪಿಗ್ ಎಂಬ ಪುಟ್ಟ ಸಾಕುಪ್ರಾಣಿ ಇದ್ದಾಗ ಜೊತೆಯವರ ಮುಖ ಜಾಸ್ತಿ ನೋಡಿದರು, ಜಾಸ್ತಿ ಮಾತಾಡಿದರು, ನಕ್ಕರು. ನಮ್ಮಲ್ಲೂ ಅದೇ ಕಂಡಿತು. ಹೊರಗಿನವರು ಬಂದರೆ ಒಳಮನೆ ಸೇರುತ್ತಿದ್ದವನು, ಕುರಿ ನೋಡಲು ಬಂದವರ ಹತ್ತಿರ ಮಾತ್ರ ನಿಲ್ಲತೊಡಗಿದ.

ಹಾಗಂತ ಸುಮ್ನೆ ಹೊಲದಲ್ಲಿ ಬಿಟ್ಟರೆ ಆಗುವುದಿಲ್ಲ. ದಿನಾ ಒಂದೇ ಕೆಲಸ, ಒಂದೇ ಹೊತ್ತು ಇರಬೇಕು. ತಮ್ಮನದು ಬೆಳಗಿನ ಚಹಾ ಆದ ಮೇಲೆ. ನೀಲಿ ಬುಟ್ಟಿಗೆ ಶೇಂಗಾ ಹೊಟ್ಟು ತುಂಬುವುದು, ಗ್ವಾದಲಿಗೆ ಸುರಿಯುವುದು, ಎರಡು ಬಕೆಟ್ ನೀರು ಹಾಕುವುದು, ಅಗಳಿ ಹಾಕುವುದು. ನಾಲ್ಕು ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದೆವು. ಒಮ್ಮೆ ನೀಲಿ ಬುಟ್ಟಿ ಒಡೆದು ಕೆಂಪು ತಂದೆವು, ಅವತ್ತು ಊಟವನ್ನೇ ಮಾಡಲಿಲ್ಲ. ಈಗ ನೀಲಿಯವು ಇನ್ನೆರಡು ಅಟ್ಟದ ಮೇಲಿವೆ. ಇನ್ನೊಂದು, ಅದು ಮನೆಗೆ ನಿಜವಾಗಿ ಬೇಕಾದ ಕೆಲಸವೇ ಆಗಿರಬೇಕು. ಅವನು ಹಾಕಿದ ಮೇವನ್ನು ಅಪ್ಪ ಹಿಂದಿನಿಂದ ಹೋಗಿ ಸರಿಮಾಡಿದ ದಿನ ಬುಟ್ಟಿ ಅಲ್ಲೇ ಬಿಟ್ಟು ಬಂದುಬಿಡುತ್ತಿದ್ದ. ತೋರಿಕೆಗೆ ಕೊಟ್ಟ ಕೆಲಸ ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ ಅಕ್ಕ.

ನಿಮ್ಮದು ಎರಿ ಹೊಲ, ಅಂದರೆ ಕಪ್ಪು ಮಣ್ಣು ಅಲ್ವಾ? ಹಾಗಿದ್ದರೆ ಇದನ್ನು ಗಮನಿಸಿ. ಮಳೆ ಬಿದ್ದ ಎರಿ ಮಣ್ಣು ಕಾಲಿಗೆ ಅಂಟಿ ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತದೆ. ಮೊದಲ ಮುಂಗಾರಿನಲ್ಲಿ ತಮ್ಮ ಕಾಲು ಕೊಡವುತ್ತಾ ಅತ್ತ. ಮೊಂಡುತನ ಅಂದುಕೊಂಡೆವು. ಆಟಿಸಂ ಇರುವ ಎಷ್ಟೋ ಜನಕ್ಕೆ ಮುಟ್ಟಿದ್ದು, ಕೇಳಿದ್ದು, ವಾಸನೆ ಎಲ್ಲವೂ ನಮಗಿಂತ ಜೋರಾಗಿ ತಟ್ಟುತ್ತದೆ ಅಂತ ಆಗ ಗೊತ್ತಿರಲಿಲ್ಲ. ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಕರೆದುಕೊಂಡು ಹೋದೆವು, ಆರಾಮಾಗಿ ನಡೆದ. ಮನೆಯಲ್ಲಿ ಒಣ ಸಜ್ಜೆಯೊಳಗೆ ಕೈ ಆಡಿಸುವುದರಿಂದ ಶುರು ಮಾಡಿದೆವು, ಆಮೇಲೆ ಒಣ ಮಣ್ಣು, ಆಮೇಲೆ ಸ್ವಲ್ಪ ನೀರು ಚಿಮುಕಿಸಿದ ಮಣ್ಣು. ಮೂರನೇ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣಲ್ಲಿ ತಾನೇ ಎರಡು ಎತ್ತು ಮಾಡಿದ. ಒಂದಕ್ಕೆ ಕೋಡೇ ಇಲ್ಲ, ನಮ್ಮ ಹೆಣ್ಣು ಕುರಿಯ ಹಾಗೇ ಇತ್ತು. ಅವ್ವ ಅವನ್ನೇ ಜಗಲಿ ಮೇಲಿಟ್ಟು ಪೂಜೆ ಮಾಡಿದಳು.

ಈಗ ಅಪಾಯದ ಮಾತು. ಮನೆಯಲ್ಲಿ ಎಲ್ಲರೂ ಕೂತು ಓದಿ. ಆಟಿಸಂ ಇರುವ ಮಕ್ಕಳು ಹೇಳದೆ ಕೇಳದೆ ನಡೆದುಹೋಗುವುದು ಜಾಸ್ತಿ, ಅದರಲ್ಲೂ ಎಷ್ಟೋ ಮಕ್ಕಳಿಗೆ ನೀರೆಂದರೆ ಸೆಳೆತ. ನಿಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ, ನಮ್ಮ ಕಡೆ ಕೃಷಿ ಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಂದವನೂ ಹತ್ತಿ ಬರಲಾರ. ನಾವು ಮೊದಲು ಬೇಲಿ ಹಾಕಿಸಿ, ಆಮೇಲೆ ಅವನನ್ನು ಹೊಲಕ್ಕೆ ಕರೆದೊಯ್ದೆವು. ಫಿಟ್ಸ್ ಇದ್ದರೆ ಮೇವು ಕತ್ತರಿಸುವ ಯಂತ್ರದ ಹತ್ತಿರ ಬಿಡಲೇಬೇಡಿ. ಭತ್ತಕ್ಕೆ, ಹತ್ತಿಗೆ, ಮೆಣಸಿನಕಾಯಿಗೆ ಔಷಧ ಹೊಡೆದ ಹೊಲಕ್ಕೂ ಬೇಡ, ಸಿಕ್ಕಿದ್ದನ್ನು ಬಾಯಿಗೆ ಹಾಕುವ ರೂಢಿ ಇದ್ದರಂತೂ ಬೇಡವೇ ಬೇಡ. ಗರ್ಭಪಾತ ಆದ ಕುರಿ, ಆಕಳನ್ನು ಮುಟ್ಟಿಸಬೇಡಿ, ಹಾಲು ಕಾಯಿಸದೆ ಕೊಡಬೇಡಿ. ಬ್ರೂಸೆಲ್ಲಾ ರೋಗ ದನಕುರಿಗಳಿಂದ ಮನುಷ್ಯರಿಗೆ ಹಾಗೇ ಹರಡುವುದು.

ಮಾತು ಬಾರದ ಮಗು ನಾಯಿ ಕಚ್ಚಿತು ಅಂತ ಬಂದು ಹೇಳುವುದಿಲ್ಲ. ಅದಕ್ಕೇ ಅವ್ವ ಇವತ್ತಿಗೂ ಸಂಜೆ ಕೈಕಾಲು ತೊಳೆಸುವಾಗ ಬೆರಳ ಸಂದಿ, ಮೊಣಕಾಲ ಹಿಂದೆ, ಕಿವಿಯ ಹಿಂದೆ ಎಲ್ಲ ನೋಡುತ್ತಾಳೆ. ಗಾಯ, ರಕ್ತ ಹೀರುವ ಉಣ್ಣಿ, ಹುಳಕಡ್ಡಿ, ಏನಿದ್ದರೂ ಆಗಲೇ ಸಿಗುತ್ತದೆ. ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ. ಕಚ್ಚಿದ ಗುರುತು ಕಂಡರೆ 15 ನಿಮಿಷ ಸಾಬೂನು ಹಚ್ಚಿ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಊರಿನವರ ಮಾತಿಗೆ ಬರೋಣ. ನೆದರ್ಲೆಂಡ್ಸ್‌ನಲ್ಲಿ ಇಂಥವರೂ ಸೇರಿ ಆರೈಕೆ ಬೇಕಾದವರಿಗೆ ಸಾವಿರಕ್ಕೂ ಹೆಚ್ಚು ಆರೈಕೆ ತೋಟಗಳಿವೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ಶುರುವಾದ ಮಾನಸಿಕ ಆರೈಕೆ ಮನೆಯಲ್ಲೇ ರೋಗಿಗಳ ಅಂಗಳದಲ್ಲಿ ಮೊಲ, ಕೋಳಿ ಸಾಕುತ್ತಿದ್ದರು. ಆದರೂ ಊರಿನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬೇಡ ಅಂದಾಗ ಬಿಡಲು ಆಗದಿದ್ದರೆ, ದುಡಿಮೆಯ ಫಲ ಅವನಿಗೆ ಸಿಗದಿದ್ದರೆ ಅದು ಜೀತವೇ. ತಮ್ಮ ಕೆಲವು ದಿನ ಏಳುವುದೇ ಇಲ್ಲ, ಅವತ್ತು ನಾವು ಮಾಡುತ್ತೇವೆ. ವರ್ಷಕ್ಕೆ ಎರಡು ಮರಿ ಅವನ ಪಾಲು. ಮಾರಿದ ದುಡ್ಡು ಮೊದಲು ಅವನ ಕೈಗೆ ಕೊಡುತ್ತೇವೆ, ಆಮೇಲೆ ಅವನ ಹೆಸರಿನ ಖಾತೆಗೆ.

ನಿಮ್ಮ ಮಗನಿಗೆ ಥೆರಪಿ ಏನಾದರೂ ನಡೆಯುತ್ತಿದ್ದರೆ ಇದಕ್ಕಾಗಿ ಅದನ್ನು ಬಿಡಿಸಬೇಡಿ. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆಗೆ ನೆರವಾಗುವ ಕೇಂದ್ರ) ಎಲ್ಲಿದೆ ಕೇಳಿ, ಅದು 18 ವರ್ಷದವರೆಗಿನ ಮಕ್ಕಳಿಗೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ, ಆಟಿಸಂ ಅದರಲ್ಲಿ ಸೇರಿದೆ.

ಈಗಲೇ ಕುರಿ ಕೊಳ್ಳಬೇಡಿ. ಕೆಲವರಿಗೆ ಕುರಿಯ ವಾಸನೆ ಆಗದು, ಕೆಲವರಿಗೆ ಕೋಳಿ ರೆಕ್ಕೆ ಬಡಿಯುವ ಸದ್ದು ಆಗದು. ಒಂದು ವಾರ ದಿನಾ ಒಂದೇ ಹೊತ್ತಿಗೆ ಪರಿಚಯದವರ ದಡ್ಡಿ ಹತ್ತಿರ ಕರೆದುಕೊಂಡು ಹೋಗಿ. ಎಲ್ಲಿ ನಿಲ್ಲುತ್ತಾನೆ, ಯಾವುದನ್ನು ನೋಡುತ್ತಾನೆ, ಯಾವಾಗ ಕಿವಿ ಮುಚ್ಚಿಕೊಳ್ಳುತ್ತಾನೆ ಅಂತ ಬರೆದಿಟ್ಟುಕೊಳ್ಳಿ. ಅದನ್ನು ಇಲ್ಲಿ ತಿಳಿಸಿದರೆ ಯಾವ ಕೆಲಸದಿಂದ ಶುರು ಮಾಡಬಹುದು ಅಂತ ಸೇರಿ ಯೋಚಿಸೋಣ. ನಾನು ಸಂಜೆ ಏಳರ ಮೇಲೆ ಸಿಗುತ್ತೇನೆ. ಅಷ್ಟೊತ್ತಿಗೆ ತಮ್ಮ ಅಗಳಿ ಹಾಕಿ ಬಂದಿರುತ್ತಾನೆ.