ಬ್ಯಾಕ್ಟೀರಿಯಾದ ವಿಷ ಜೀವಕೋಶದ ಪೊರೆಯನ್ನು ಹೇಗೆ ತೂತು ಮಾಡುತ್ತದೆ?

ನೀವು ಕೇಳಿದ್ದು: ಬ್ಯಾಕ್ಟೀರಿಯಾ ಬಿಡುವ ವಿಷ ಜೀವಕೋಶದ ಪೊರೆಗೆ ಹೇಗೆ ಅಂಟುತ್ತದೆ, ಆಸಿಡ್ ಥರ ಅದನ್ನು ಸುಟ್ಟು ಹಾಕುತ್ತದಾ ಅಂತ.

ಇಲ್ಲ, ಸುಡುವುದಿಲ್ಲ. ನಾನು ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಗಾಯದ ಕೀವನ್ನು ಕುರಿಯ ರಕ್ತ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಎಳೆದು, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದ್ದರೆ ಬೆಳಿಗ್ಗೆ ಅದರ ಚುಕ್ಕೆಗಳ ಸುತ್ತ ಕೆಂಪು ಕರಗಿ ತಿಳಿ ಉಂಗುರ ಮೂಡಿರುತ್ತದೆ. ಬ್ಯಾಕ್ಟೀರಿಯಾ ಆ ಜಾಗಕ್ಕೆ ಹೋಗಿಯೇ ಇಲ್ಲ. ಹೋಗಿದ್ದು ಅದು ಬಿಟ್ಟ ವಿಷಗಳು. ಎಷ್ಟು ವರ್ಷ ನೋಡಿದರೂ ಆ ಉಂಗುರ ಕಂಡಾಗ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಆ ವಿಷಗಳಲ್ಲಿ ಒಂದು ಆಲ್ಫಾ ಟಾಕ್ಸಿನ್. ಅದೊಂದು ಪ್ರೋಟೀನ್, 293 ಅಮೈನೊ ಆಮ್ಲಗಳ ಸರ. ಮೊದಲು ಅದಕ್ಕೆ ಕೋಶದ ಮೇಲೆ ಒಂದು ಹಿಡಿಕೆ ಬೇಕು. ರಿಸೆಪ್ಟರ್ ಅನ್ನುವುದು ಇದನ್ನೇ. ನಮ್ಮ ಕೋಶಗಳಲ್ಲಿ ಆಡಮ್-10 ಎಂಬ ಪ್ರೋಟೀನ್ ಆ ಹಿಡಿಕೆ. ಅಂಟಿಕೊಂಡ ಮೇಲೆ ಏಳು ಟಾಕ್ಸಿನ್‌ಗಳು ಒಂದಕ್ಕೊಂದು ತಗುಲಿ ಉಂಗುರವಾಗುತ್ತವೆ. ಆಮೇಲೆ ಒಂದೊಂದೂ ಎರಡು ಎಳೆಗಳನ್ನು ಕೆಳಗೆ ಇಳಿಸುತ್ತದೆ. ಒಟ್ಟು ಹದಿನಾಲ್ಕು ಎಳೆ ಸೇರಿ ಒಂದು ಕೊಳವೆ.

ನಮ್ಮ ಕಡೆಯವರಿಗೆ ಬೋರ್‌ವೆಲ್ ಹೇಳಿಕೊಡಬೇಕಾ? ಬರೀ ಕೊರೆದು ಬಿಟ್ಟರೆ ಮಣ್ಣು ಕುಸಿದು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಕೇಸಿಂಗ್ ಪೈಪ್ ಇಳಿಸುತ್ತಾರೆ. ಪೊರೆಯೂ ಹಾಗೇ. ಅದು ಎರಡು ಪದರದ ಕೊಬ್ಬು, ಸುಮ್ನೆ ಚುಚ್ಚಿದರೆ ಕೂಡಿಕೊಳ್ಳುತ್ತದೆ. ಟಾಕ್ಸಿನ್ ಇಳಿಸುವುದು ಕೇಸಿಂಗ್. ಕೊಳವೆಯ ಹೊರಮೈ ಕೊಬ್ಬಿಗೆ ಒಗ್ಗುತ್ತದೆ, ಒಳಮೈ ನೀರಿಗೆ ಒಗ್ಗುತ್ತದೆ. 1996ರಲ್ಲಿ ವಿಜ್ಞಾನಿಗಳು ಇದರ ಆಕಾರವನ್ನು ಎಕ್ಸ್-ರೇ ಹರಳಿನ ವಿಧಾನದಲ್ಲಿ ಬಿಡಿಸಿ ತೋರಿಸಿದರು. ಪೈಪ್ ಕೂತ ಮೇಲೆ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ಹಿಂದೆಯೇ ನೀರು. ಕೆಂಪು ರಕ್ತಕಣ ಊದಿ ಒಡೆಯುತ್ತದೆ. ಬೇರೆ ಕೋಶಗಳು ಸುಮ್ಮನೆ ಸಾಯುವುದಿಲ್ಲ. ತೂತು ಬಿದ್ದ ಪೊರೆಯ ತುಂಡನ್ನೇ ಕಿತ್ತು ಆಚೆ ಹಾಕಿ ಬದುಕಲು ನೋಡುತ್ತವೆ. ತೂತು ಜಾಸ್ತಿಯಾದರೆ ಸೋಲುತ್ತವೆ.

ಎಲ್ಲ ವಿಷಗಳ ದಾರಿ ಇದೇ ಅಲ್ಲ. ಗ್ಯಾಸ್ ಗ್ಯಾಂಗ್ರೀನ್ ತರುವ ಬ್ಯಾಕ್ಟೀರಿಯಾದ ವಿಷ ಕೊಬ್ಬಿನ ಕಣಗಳನ್ನೇ ಕತ್ತರಿಸುತ್ತದೆ. ಕಾಲರಾ ವಿಷ ಪೊರೆಯನ್ನು ಹರಿಯುವುದೇ ಇಲ್ಲ. ಜಿಎಂ-1 ಎಂಬ ಸಕ್ಕರೆ ಹೊತ್ತ ಕೊಬ್ಬನ್ನು ಹಿಡಿದು ಒಳಗೆ ನುಸುಳಿ, ಕರುಳಿನ ಕೋಶ ಉಪ್ಪು, ನೀರನ್ನು ಹೊರಗೆ ಸುರಿಯುತ್ತಲೇ ಇರುವಂತೆ ಮಾಡುತ್ತದೆ. ಅಂಥ ವಿಷ ಇದೆ ಎಂದು 1959ರಲ್ಲಿ ತೋರಿಸಿದವರು ಕಲ್ಕತ್ತಾದ ಶಂಭುನಾಥ್ ಡೇ. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಹಿಡಿಕೆ ಎಷ್ಟು ಮುಖ್ಯ ಅಂತ ನನಗೆ ಮನಸ್ಸಿಗೆ ಇಳಿದಿದ್ದು ಹೊಲದಲ್ಲಿ. ಚಿತ್ರದುರ್ಗದ ಕಡೆ ನಮ್ಮಪ್ಪ ಬಿಟಿ ಹತ್ತಿ ಹಾಕಿದಾಗ ಕೇಳಿದ್ದರು: "ಹುಳ ಸಾಯ್ತದೆ ಅಂದ್ರೆ, ಹತ್ತಿಕಾಳು ಹಿಂಡಿ ತಿನ್ನೋ ಎಮ್ಮೆಗೆ ಏನಾಗ್ತದೆ?" ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಅದರ ವಿಷವನ್ನು ಈ ಹತ್ತಿ ಗಿಡವೇ ತಯಾರಿಸುತ್ತದೆ, ಆ ವಿಷವೂ ತೂತು ಮಾಡುವಂಥದ್ದೇ. ಆದರೆ ಅದು ಕಾಯಿಕೊರಕದ ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿನ ಕ್ಯಾಡ್‌ಹೆರಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಎಮ್ಮೆಯ ಕರುಳಿನಲ್ಲಿ ಆ ವಿಷಕ್ಕೆ ಸರಿಹೊಂದುವ ಹಿಡಿಕೆ ಇಲ್ಲ. ಅಪ್ಪನಿಗೆ ಅಷ್ಟು ಸಾಕಾಯಿತು. ಈಗ ಅವರ ಪ್ರಶ್ನೆ ಬೇರೆ: ಗುಲಾಬಿ ಬಣ್ಣದ ಕಾಯಿಕೊರಕ ಹುಳ ಬಿಟಿ ತಿಂದೂ ಯಾಕೆ ಬದುಕಿದೆ? ಅದರ ಹಲವು ತಳಿಗಳಲ್ಲಿ ಕ್ಯಾಡ್‌ಹೆರಿನ್ನೇ ಬದಲಾಗಿದೆ. ವಿಷ ಇದೆ, ಹಿಡಿಯಲು ಜಾಗ ಇಲ್ಲ.