ಓದುಗರ ಪ್ರಶ್ನೆಗಳಿಗೆ ಉತ್ತರ: ಜಪಾನಿನ ದಿನಬಳಕೆಯ ಹಸಿರು ಚಹಾ

ಪ್ರಶ್ನೆ: ಯೊಕೊಹಾಮಾದಲ್ಲಿ ಉದ್ಯೋಗದಲ್ಲಿರುವ ಮಗ ಈ ಸಲ ಊರಿಗೆ ಬಂದಾಗ ಸೆಂಚಾ ಎಂಬ ಹಸಿರು ಚಹಾದ ಪೊಟ್ಟಣ ತಂದುಕೊಟ್ಟಿದ್ದಾನೆ. ನಮ್ಮ ಚಹಾದಂತೆಯೇ ನೀರಿಗೆ ಹಾಕಿ ಐದು ನಿಮಿಷ ಕುದಿಸಿದೆ. ಬಣ್ಣ ಹಳದಿಗೆ ತಿರುಗಿತು, ರುಚಿ ಅಮೃತಬಳ್ಳಿಯ ಕಷಾಯದಂತೆ ಕಹಿಯಾಯಿತು. ಸೊಪ್ಪು ಹಳೆಯದೋ, ನಾನು ಮಾಡಿದ ಕ್ರಮ ತಪ್ಪೋ?
(ಗೃಹಿಣಿಯೊಬ್ಬರು, ಮೈಸೂರು)

ಉತ್ತರ: ಸೊಪ್ಪಿನಲ್ಲಿ ದೋಷವಿರುವ ಸಂಭವ ಕಡಿಮೆ, ಕುದಿಸಿದ್ದೇ ಕಹಿಗೆ ಕಾರಣ. ಇದಕ್ಕಾಗಿ ನೀವು ಸಂಕೋಚಪಡಬೇಕಾಗಿಲ್ಲ, ಏಕೆಂದರೆ 'ಸೆಂಚಾ' ಎಂಬ ಪದದ ಅರ್ಥವೇ 'ಕುದಿಸಿದ ಚಹಾ'. ಜಪಾನಿನ ಸಾಮಾನ್ಯ ಜನರು ಹಿಂದೆ ಕುಡಿಯುತ್ತಿದ್ದುದು ಕಂದು ಬಣ್ಣದ, ಪಾತ್ರೆಯಲ್ಲಿ ಕುದಿಸಿ ಇಳಿಸಿದ ಚಹಾವನ್ನೇ. ಕ್ಯೋತೋ ಸಮೀಪದ ಉಜಿತವಾರಾದ ನಗತಾನಿ ಸೋಎನ್ ಎಂಬ ಬೆಳೆಗಾರ 1738ರಲ್ಲಿ ಎಳೆಯ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಲ್ಲಿಯೇ ಹೊಸೆಯುತ್ತ ಒಣಗಿಸುವ ಕ್ರಮವನ್ನು ರೂಪಿಸಿದ ಮೇಲೆ, ನೀರಿನಲ್ಲಿ ನೆನೆಸಿದರೆ ಸಾಕು, ಹಸಿರು ಬಣ್ಣವೂ ಪರಿಮಳವೂ ಬಿಡುವಂಥ ಎಲೆ ಸಿದ್ಧವಾಯಿತು. ಮಾಡುವ ವಿಧಾನ ಬದಲಾದರೂ ಹಳೆಯ ಹೆಸರು ಹಾಗೆಯೇ ಉಳಿಯಿತು.

ಹಬೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಕಿತ್ತ ಎಲೆಯನ್ನು ಬಾಡಲು ಬಿಟ್ಟರೆ ಅದರೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದ ನೆರವಿನಿಂದ ಅದನ್ನು ಕಂದಾಗಿಸುತ್ತವೆ. ನಮ್ಮ ನೀಲಗಿರಿ, ಅಸ್ಸಾಂ ಚಹಾ ಸಿದ್ಧವಾಗುವುದು ಹೀಗೆಯೇ. ಹಸಿರು ಚಹಾಕ್ಕೆ ಈ ಕೆಲಸವನ್ನು ಆರಂಭದಲ್ಲಿಯೇ ತಡೆಯಬೇಕು. ಚೀನೀಯರು ಹೆಚ್ಚಾಗಿ ಬಾಣಲೆಯಲ್ಲಿ ಹುರಿದು ತಡೆಯುತ್ತಾರೆ, ಜಪಾನೀಯರು ಹಬೆ ಕೊಟ್ಟು ತಡೆಯುತ್ತಾರೆ. ಆದ್ದರಿಂದಲೇ ಸೆಂಚಾದಲ್ಲಿ ಬೆಂದ ಸೊಪ್ಪಿನ, ಕೆಲವರ ಮೂಗಿಗೆ ಕಡಲಪಾಚಿಯ, ವಾಸನೆ ಉಳಿದಿರುತ್ತದೆ. ಅದು ಹಳಸಿದ ಲಕ್ಷಣವಲ್ಲ.

ಈಗ ನಿಮ್ಮ ಲೋಟಕ್ಕೆ ಬರೋಣ. ಈ ಎಲೆಯಲ್ಲಿ ಥಿಯಾನಿನ್ ಎಂಬ ಅಮೈನೋ ಆಮ್ಲವಿದೆ. ಬೇಳೆಕಟ್ಟನ್ನು ಹೋಲುವ ಮೆಲ್ಲನೆಯ ಸವಿ ಬರುವುದು ಅದರಿಂದ. ಒಗರನ್ನೂ ಕಹಿಯನ್ನೂ ಕೊಡುವ ಕ್ಯಾಟೆಕಿನ್‌ಗಳಿವೆ, ಕಹಿಗೆ ಕೈಜೋಡಿಸುವ ಕೆಫೀನ್ ಇದೆ. ಥಿಯಾನಿನ್ ಕಡಿಮೆ ಬಿಸಿಯ ನೀರಿನಲ್ಲಿಯೂ ಸುಲಭವಾಗಿ ಇಳಿಯುತ್ತದೆ. ಉಳಿದೆರಡು ನೀರು ಬಿಸಿಯಾದಷ್ಟೂ ಹೆಚ್ಚು ಇಳಿಯುತ್ತವೆ. ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಟ್ಟರೆ ಒಗರೂ ಕಹಿಯೂ ಪೂರ್ತಿ ಹೊರಬಂದು ಸವಿಯನ್ನು ಮುಚ್ಚಿಬಿಡುತ್ತವೆ.

ಹಾಗಾಗಿ ಹೀಗೆ ಮಾಡಿ ನೋಡಿ. ಇಬ್ಬರಿಗೆ ಎರಡು ಸಣ್ಣ ಚಮಚದಷ್ಟು, ಅಂದರೆ 4ರಿಂದ 5 ಗ್ರಾಂ ಎಲೆ, ಸುಮಾರು 180 ಮಿಲಿಲೀಟರ್ ನೀರು. ನೀರನ್ನು ಚೆನ್ನಾಗಿ ಕುದಿಸಿ, ಕೆಳಗಿಳಿಸಿ, 70ರಿಂದ 80 ಡಿಗ್ರಿಯವರೆಗೆ ಆರಲು ಬಿಡಿ. ಉಷ್ಣಮಾಪಕ ಬೇಕಾಗಿಲ್ಲ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಮೈಸೂರಿನವರಿಗೆ ಇದನ್ನು ಹೇಳಿಕೊಡುವುದೇ ಅಧಿಕಪ್ರಸಂಗ. ತಣ್ಣಗಿನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗಲೆಲ್ಲ ಸರಿಸುಮಾರು 10 ಡಿಗ್ರಿ ಇಳಿಯುತ್ತದೆ ಎಂಬುದು ಅಲ್ಲಿನ ಮನೆಗಳ ಲೆಕ್ಕ, ಎರಡು ಮೂರು ಸಲ ಸುರಿದರೆ ಸಾಕು. ಆ ನೀರನ್ನು ಎಲೆಯ ಮೇಲೆ ಹೊಯ್ದು ಒಂದು ನಿಮಿಷ ಕದಡದೆ ಬಿಡಿ. ನಂತರ ಎರಡು ಲೋಟಗಳಿಗೆ ಸ್ವಲ್ಪ ಸ್ವಲ್ಪವಾಗಿ ಅದಲುಬದಲಾಗಿ ಸುರಿದರೆ ಎರಡರಲ್ಲಿಯೂ ಗಾಢತೆ ಒಂದೇ ಆಗಿರುತ್ತದೆ. ಕೊನೆಯ ಹನಿಯವರೆಗೂ ಬಸಿಯುವುದು ಮುಖ್ಯ. ಅಡಿಯಲ್ಲಿ ನೀರು ನಿಂತರೆ ಎಲೆ ನೆನೆಯುತ್ತಲೇ ಇದ್ದು ಎರಡನೆಯ ಸುತ್ತು ಕಹಿಯಾಗುತ್ತದೆ.

ಪೊಟ್ಟಣ ಬಿಡಿಸಿದಾಗ ಎಲೆ ಸೂಜಿಯಂತಿರದೆ ಪುಡಿಪುಡಿಯಾಗಿದ್ದರೆ ಅದು ಹೆಚ್ಚು ಹೊತ್ತು ಹಬೆಯಲ್ಲಿ ಬೆಂದ 'ಫುಕಾಮುಶಿ' ಬಗೆ ಇರಬಹುದು. ಅದಕ್ಕೆ ಅರ್ಧ ನಿಮಿಷವೇ ಧಾರಾಳ. ಹಸಿರಾಗಿ, ಮಬ್ಬಾಗಿ ಇಳಿಯುವುದು ಅದರ ಸ್ವಭಾವ.

ಪ್ರಶ್ನೆ: ಪಕ್ಕಕ್ಕೆ ಹಿಡಿಯಿರುವ ಜಪಾನಿ ಚಹಾ ಪಾತ್ರೆಯನ್ನು ಕೊಳ್ಳಲೇಬೇಕೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಕೊಳ್ಳಬೇಕಾಗಿಲ್ಲ. ಅದರ ಹೆಸರು 'ಕ್ಯೂಸು'. ಐಚಿ ಪ್ರಾಂತದ ತೊಕೊನಾಮೆ ಪಟ್ಟಣದ ಕೆಮ್ಮಣ್ಣಿನ ಕ್ಯೂಸುಗಳು ಪ್ರಸಿದ್ಧವಾಗಿವೆ. ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಒತ್ತಿ, ಮಣಿಕಟ್ಟು ತಿರುಗಿಸಿ ಬಸಿಯಲು ಆ ಹಿಡಿ ಅನುಕೂಲ, ಒಳಗೆ ಸೋಸುವ ಜಾಲರಿಯೂ ಇರುತ್ತದೆ. ಮನೆಯಲ್ಲಿರುವ ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಯೂ ಚಹಾ ಸೋಸುವ ಜಾಲರಿಯೂ ಅದೇ ಕೆಲಸವನ್ನು ಮಾಡುತ್ತವೆ. ಎಲೆ ಅರಳಲು ಜಾಗವಿರಬೇಕು ಎಂಬುದಷ್ಟೇ ನಿಯಮ, ಆದ್ದರಿಂದ ಚಮಚದಂಥ ಚಿಕ್ಕ ಜಾಲರಿಯೊಳಗೆ ಎಲೆಯನ್ನು ತುರುಕಬೇಡಿ.

ಪಾತ್ರೆಗಿಂತ ನೀರಿನ ಕಡೆಗೆ ಹೆಚ್ಚು ಗಮನ ಕೊಡಿ ಎಂದು ನಾನು ಹೇಳುತ್ತೇನೆ. ಜಪಾನಿನ ನಲ್ಲಿ ನೀರು ಬಹುಮಟ್ಟಿಗೆ ಮೃದು. ನಮ್ಮ ಅನೇಕ ಊರುಗಳ ಕೊಳವೆಬಾವಿಯ ಗಡಸು ನೀರಿನಲ್ಲಿ ಎಂಥ ಒಳ್ಳೆಯ ಸೆಂಚಾ ಆದರೂ ಮಂಕಾಗಿ, ಚಪ್ಪೆಯಾಗಿ ಇಳಿಯುತ್ತದೆ. ಕೆಟಲಿನ ತಳದಲ್ಲಿ ಬಿಳಿಯ ಪದರ ಕಟ್ಟುವ ಮನೆಯವರು ಶುದ್ಧೀಕರಿಸಿದ ನೀರನ್ನು ಬಳಸುವುದು ಲೇಸು.

ಪ್ರಶ್ನೆ: ಹಾಲು ಅಥವಾ ಸಕ್ಕರೆ ಬೆರೆಸಬಹುದೇ?
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಸೆಂಚಾಕ್ಕೆ ಎರಡೂ ಬೇಡ. ಸಿಹಿ ಬೇಕಾದವರು ಅಲ್ಲಿಯಂತೆ ಪಕ್ಕದಲ್ಲಿ ಒಂದು ಸಿಹಿತಿಂಡಿಯ ತುಣುಕನ್ನು ಇಟ್ಟುಕೊಳ್ಳಲಿ. ನಮ್ಮ ಕೊಬ್ಬರಿ ಮಿಠಾಯಿ ಚೆನ್ನಾಗಿಯೇ ಹೊಂದುತ್ತದೆ. ಹಾಲು ಬೆರೆಸಲೇಬೇಕೆಂದಿದ್ದರೆ ಹೋಜಿಚಾ ಎಂಬ ಹುರಿದ ಚಹಾಕ್ಕೆ ಬೆರೆಸಿ, ಅದು ತಾಳಿಕೊಳ್ಳುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಸೆಂಚಾ, ಬಾಂಚಾ, ಹೋಜಿಚಾ, ಗೆನ್ಮೈಚಾ ಎಂದು ಹಲವು ಹೆಸರುಗಳಿವೆ. ಹೊಸದಾಗಿ ಶುರುಮಾಡುವವರು ಯಾವುದನ್ನು ಕೊಳ್ಳಬೇಕು? ರಾತ್ರಿ ಕುಡಿದರೆ ನಿದ್ದೆ ಕೆಡುತ್ತದೆಯೇ?
(ನಿವೃತ್ತ ಅಧ್ಯಾಪಕರು, ಮಂಗಳೂರು)

ಉತ್ತರ: ಎಲ್ಲವೂ ಒಂದೇ ಗಿಡದವು; ಕೀಳುವ ಕಾಲ ಮತ್ತು ಹದಗೊಳಿಸುವ ಕ್ರಮ ಬೇರೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಮೊದಲ ಕೊಯ್ಲು. ಅಲ್ಲಿನ ಪಂಚಾಂಗದಲ್ಲಿ ವಸಂತಾರಂಭದಿಂದ ಎಣಿಸಿದ 88ನೆಯ ದಿನ, ಅಂದರೆ ಮೇ 2ರ ಆಸುಪಾಸು, ಕಿತ್ತ ಚಹಾವನ್ನು ಶುಭವೆಂದು ಎಣಿಸುವ ರೂಢಿಯಿದೆ. ಎಳೆಯ ಎಲೆ ಸೆಂಚಾ ಆಗುತ್ತದೆ. ತಡವಾಗಿ ಕಿತ್ತ ಬಲಿತ ಎಲೆ, ಕಡ್ಡಿ ಸೇರಿದ್ದು ಬಾಂಚಾ. ಲೋಟದಲ್ಲಿ ಚಹಾ ಕಡ್ಡಿಯೊಂದು ನೆಟ್ಟಗೆ ನಿಂತು ತೇಲಿದರೆ ಒಳ್ಳೆಯ ಶಕುನವೆಂದು ಜಪಾನೀಯರು ಹೇಳುವುದುಂಟು, ಕಡ್ಡಿಯಿರುವ ಅಗ್ಗದ ಚಹಾ ಕುಡಿಯುವವರಿಗೂ ಒಂದು ಸಮಾಧಾನ ಬೇಡವೇ! ಬಾಂಚಾವನ್ನೋ ಕಡ್ಡಿಯನ್ನೋ ಕಂದಾಗುವಂತೆ ಹುರಿದರೆ ಹೋಜಿಚಾ. ಹುರಿದ ಅಕ್ಕಿಯನ್ನು ಎಲೆಯೊಂದಿಗೆ ಬೆರೆಸಿದರೆ ಗೆನ್ಮೈಚಾ. ಅದರಲ್ಲಿ ಅಲ್ಲಲ್ಲಿ ಅರಳಿನಂತೆ ಬಿರಿದ ಕಾಳುಗಳು ಕಾಣುತ್ತವೆ, ಪರಿಮಳ ಹುರಿಯಕ್ಕಿಯದೇ.

ಹೊಸಬರು ಗೆನ್ಮೈಚಾ ಅಥವಾ ಹೋಜಿಚಾದಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಬೆಲೆ ಕಡಿಮೆ, ಕುದಿಯುವ ನೀರನ್ನೇ ಸುರಿಯಬಹುದು, ಅರ್ಧ ನಿಮಿಷದಲ್ಲಿ ಸಿದ್ಧವಾಗುತ್ತದೆ, ತುಸು ಹೆಚ್ಚು ಹೊತ್ತು ಬಿಟ್ಟರೂ ಕ್ಷಮಿಸುತ್ತದೆ. ನೆರಳಿನಲ್ಲಿ ಬೆಳೆಸಿದ, ದುಬಾರಿ ಹಸಿರು ಚಹಾವಾದ ಗ್ಯೊಕುರೊವನ್ನು ಮೊದಲೇ ತಂದು, ಕುದಿನೀರಿನಲ್ಲಿ ಕೆಡಿಸಿ, ಹಸಿರು ಚಹಾದ ಸಹವಾಸವನ್ನೇ ಬಿಟ್ಟವರನ್ನು ಕಂಡಿದ್ದೇನೆ.

ನಿದ್ದೆಯ ವಿಷಯ. ಜಪಾನಿನ ಆಹಾರ ಸಂಯೋಜನೆಯ ಅಧಿಕೃತ ಕೋಷ್ಟಕದ ಪ್ರಕಾರ 100 ಮಿಲಿಲೀಟರ್ ಪಾನೀಯದಲ್ಲಿ ಸೆಂಚಾಕ್ಕೂ ಹೋಜಿಚಾಕ್ಕೂ 20 ಮಿಲಿಗ್ರಾಂ, ಬಾಂಚಾ ಮತ್ತು ಗೆನ್ಮೈಚಾಕ್ಕೆ 10, ಕಾಫಿಗೆ 60, ಗ್ಯೊಕುರೊಗೆ 160 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹಾಗಾಗಿ ಹೋಜಿಚಾದಲ್ಲಿ ಕೆಫೀನ್ ಇಲ್ಲವೇ ಇಲ್ಲವೆಂದು ಕೆಲವರು ಹೇಳುವುದು ಸರಿಯಲ್ಲ. ರಾತ್ರಿಗೆ ಬಾಂಚಾ ಅಥವಾ ಗೆನ್ಮೈಚಾ ಮೇಲು. ಬಹಳ ಬೇಗ ನಿದ್ದೆ ಕೆಡುವವರಿಗೆ ಹುರಿದ ಬಾರ್ಲಿಯಿಂದ ಮಾಡುವ 'ಮುಗಿಚಾ' ಸರಿಯಾದ ಆಯ್ಕೆ, ಅದರಲ್ಲಿ ಚಹಾ ಎಲೆಯೇ ಇರುವುದಿಲ್ಲ.

ಪ್ರಶ್ನೆ: ನನಗೆ ರಕ್ತಹೀನತೆಯಿದೆ. ತೂಕ ಇಳಿಸಲು ದಿನಕ್ಕೆ ಆರು ಲೋಟ ಹಸಿರು ಚಹಾ ಕುಡಿಯಬೇಕೆಂದು ಗೆಳತಿ ಹೇಳುತ್ತಾಳೆ.
(ಓದುಗಿ, ಬೆಂಗಳೂರು)

ಉತ್ತರ: ಗೆಳತಿಯ ಮಾತನ್ನು ಬದಿಗಿಡಿ. ಈ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2012ರ ಕೋಕ್ರೇನ್ ವಿಮರ್ಶೆಯಲ್ಲಿ, ಹಸಿರು ಚಹಾದ ತಯಾರಿಕೆಗಳಿಂದ ಇಳಿದ ತೂಕ ಅತ್ಯಲ್ಪ, ಲೆಕ್ಕಕ್ಕೆ ಹಿಡಿಯುವಷ್ಟೂ ಅಲ್ಲ ಎಂದೇ ಕಂಡುಬಂದಿದೆ. ಅದಕ್ಕಿಂತ ಮುಖ್ಯವಾದುದು ನಿಮ್ಮ ರಕ್ತಹೀನತೆ. ಸೊಪ್ಪು, ಕಾಳು, ರಾಗಿಯಂಥ ಸಸ್ಯಾಹಾರದಿಂದ ಬರುವ ಕಬ್ಬಿಣಾಂಶವನ್ನು ಕ್ಯಾಟೆಕಿನ್‌ಗಳು ಕಟ್ಟಿಹಾಕಿ, ಕರುಳು ಹೀರಿಕೊಳ್ಳದಂತೆ ಮಾಡುತ್ತವೆ. ಊಟದೊಂದಿಗೆ ಕುಡಿಯದೆ, ಊಟಕ್ಕೆ ಮೊದಲೂ ನಂತರವೂ ಕನಿಷ್ಠ ಒಂದು ಗಂಟೆಯ ಅಂತರವಿಟ್ಟು, ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ, ನಿಮ್ಮ ವೈದ್ಯರಿಗೂ ವಿಷಯ ತಿಳಿಸಿ. ಹಸಿರು ಚಹಾದ ಸಾರವೆಂದು ಮಾರುವ ಗುಳಿಗೆಗಳ ಗೊಡವೆಗಂತೂ ಹೋಗಬೇಡಿ. ಅಂಥ ಗುಳಿಗೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕ್ಯಾಟೆಕಿನ್ ಸೇವಿಸುವವರಲ್ಲಿ ಯಕೃತ್ತಿಗೆ ಹಾನಿಯ ಸೂಚನೆಗಳು ಕಂಡುಬರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ.

ಪ್ರಶ್ನೆ: ಒಂದೇ ಎಲೆಯನ್ನು ಎಷ್ಟು ಸಲ ಬಳಸಬಹುದು? ಉಳಿದ ಚರಟವನ್ನು ಏನು ಮಾಡಬೇಕು? ಪೊಟ್ಟಣವನ್ನು ಹೇಗೆ ಇಡಬೇಕು?
(ಶಿರಸಿಯ ಓದುಗರು)

ಉತ್ತರ: ಒಳ್ಳೆಯ ಸೆಂಚಾ ಮೂರು ಸಲ ಬರುತ್ತದೆ. ಎರಡನೆಯ ಸಲ ನೀರು ಸ್ವಲ್ಪ ಹೆಚ್ಚು ಬಿಸಿಯಾಗಿರಲಿ. ಎಲೆ ಆಗಲೇ ಅರಳಿರುವುದರಿಂದ 10–15 ಸೆಕೆಂಡಿಗೇ ಬಸಿಯಿರಿ. ನಡುವೆ ಮುಚ್ಚಳವನ್ನು ತುಸು ತೆರೆದಿಟ್ಟರೆ ಎಲೆ ಬೆಂದು ಹೋಗುವುದಿಲ್ಲ. ಅದೇ ದಿನ ಮುಗಿಸಿ, ಮರುದಿನಕ್ಕೆ ಉಳಿಸಬೇಡಿ. ಎಳೆಯ ಸೆಂಚಾದ ಚರಟವನ್ನು ಜಪಾನಿನಲ್ಲಿ ಕೆಲವರು ಸೋಯಾ ಸಾಸ್ ಹನಿಸಿ ತಿನ್ನುತ್ತಾರೆ. ಕಂಡ ಸೊಪ್ಪಿಗೆಲ್ಲ ತಂಬುಳಿ ಮಾಡುವ ನಿಮ್ಮ ಊರಿನವರು ಇದನ್ನು ಬಿಟ್ಟಾರೆಂದು ನನಗೆ ಅನ್ನಿಸುವುದಿಲ್ಲ. ಬಾಂಚಾ, ಹೋಜಿಚಾದ ಚರಟ ಮಾತ್ರ ನಾರುನಾರಾಗಿರುತ್ತದೆ, ಅದು ಗೊಬ್ಬರಕ್ಕೇ ಸರಿ.

ಬಿಡಿಸಿದ ಪೊಟ್ಟಣವನ್ನು ಗಾಳಿಯಾಡದ, ಬೆಳಕು ತಾಗದ ಡಬ್ಬಿಗೆ ಹಾಕಿ ಒಂದು ತಿಂಗಳ ಸುಮಾರಿಗೆ ಮುಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟೂ ದಿನ ಕಾಯಬೇಡಿ. ಚಹಾ ಎಲೆ ಸುತ್ತಲಿನ ವಾಸನೆಯನ್ನು ಬೇಗ ಹೀರುವುದರಿಂದ ಇಂಗು, ಸಾಂಬಾರ ಪದಾರ್ಥಗಳಿರುವ ಕಪಾಟು ಬೇಡ. ಬಿಡಿಸದ ಪೊಟ್ಟಣವನ್ನು ಫ್ರೀಜರಿನಲ್ಲಿ ಇಡಬಹುದು. ಆದರೆ ಹೊರತೆಗೆದ ಕೂಡಲೇ ಬಿಡಿಸದೆ, ಕೋಣೆಯ ಬಿಸಿಗೆ ಬರುವವರೆಗೆ ಅರ್ಧ ದಿನ ಹಾಗೆಯೇ ಬಿಡಿ, ಇಲ್ಲವಾದರೆ ಗಾಳಿಯ ತೇವ ತಣ್ಣಗಿನ ಎಲೆಯ ಮೇಲೆ ಹನಿಗಟ್ಟುತ್ತದೆ.